ಕಳುವಾದ ಮೇಲೂ ತೆರೆಯದ ಪೆಟ್ಟಿಗೆ

ಮನೆಬಾಗಿಲಿಗೆ ಊಟ ತಲುಪಿಸುವ ಜೊಮ್ಯಾಟೊ ಸಂಸ್ಥೆಯಿಂದ 2017ರ ಮೇ ತಿಂಗಳಲ್ಲಿ ಸುಮಾರು ಒಂದು ಕೋಟಿ ಎಪ್ಪತ್ತು ಲಕ್ಷ ಬಳಕೆದಾರರ ವಿವರ ಕಳುವಾಯಿತು. ಕಳ್ಳ ಒಳಗೆ ಬಂದ ದಾರಿಯನ್ನು ಸಂಸ್ಥೆಯೇ ಆಮೇಲೆ ಬಿಡಿಸಿ ಹೇಳಿತು. 2015ರಲ್ಲಿ 000ವೆಬ್‌ಹೋಸ್ಟ್ ಎಂಬ ಬೇರೊಂದು ಕಂಪನಿಯ ಖಾತೆದಾರರ ಪಾಸ್‌ವರ್ಡುಗಳು ಸೋರಿಹೋಗಿದ್ದವು. ಜೊಮ್ಯಾಟೊದ ಪ್ರೋಗ್ರಾಮರ್ ಒಬ್ಬರಿಗೆ ಅಲ್ಲೊಂದು ಖಾತೆಯಿತ್ತು. ಅದೇ ಇಮೇಲ್, ಅದೇ ಪಾಸ್‌ವರ್ಡ್ ಅವರ ಗಿಟ್‌ಹಬ್ ಖಾತೆಗೂ ಇತ್ತು. ಗಿಟ್‌ಹಬ್‌ನಲ್ಲಿ ಕಂಪನಿಯ ಕೋಡ್ ಇತ್ತು. ಕೋಡ್ ಓದಿದವನಿಗೆ ಅದರೊಳಗಿನ ದೋಷ ಕಂಡಿತು. ದೋಷ ಹಿಡಿದು ಹೋದವನಿಗೆ ಡೇಟಾಬೇಸ್ ಸಿಕ್ಕಿತು. ಮೊದಲ ಬಾಗಿಲಲ್ಲಿ ಯಾರೂ ಬೀಗ ಒಡೆಯಲಿಲ್ಲ, ಯಾರೂ ಏನನ್ನೂ ಊಹಿಸಲಿಲ್ಲ. ಆ ಪಾಸ್‌ವರ್ಡ್ ಎಂಟಕ್ಷರದ್ದೋ ಹದಿನೆಂಟಕ್ಷರದ್ದೋ ಎಂಬುದರಿಂದ ವ್ಯತ್ಯಾಸವೇ ಆಗುತ್ತಿರಲಿಲ್ಲ. ಅದು ಎರಡು ಕಡೆ ಇದ್ದದ್ದೇ ಸಾಕಾಯಿತು. ಕಂಪ್ಯೂಟರನ್ನೇ ಕಸುಬು ಮಾಡಿಕೊಂಡವರ ಪಾಡು ಹೀಗಾದರೆ, ವಿದ್ಯುತ್ ಬಿಲ್ಲು ಕಟ್ಟಲು, ರೈಲು ಟಿಕೆಟ್ ತೆಗೆಯಲು, ಮಗಳ ಶಾಲೆಯ ಫೀ ತುಂಬಲು ಕಂಪ್ಯೂಟರಿನ ಮುಂದೆ ಕೂರುವವರ ಪಾಡೇನು?

ಇದನ್ನು ಸೋಮಾರಿತನ ಎಂದು ಬೈದು ಮುಗಿಸುವ ಹಾಗಿಲ್ಲ. 2007ರಲ್ಲಿ ಮೈಕ್ರೋಸಾಫ್ಟ್‌ನ ಇಬ್ಬರು ಸಂಶೋಧಕರು, ಫ್ಲೊರೆನ್ಸಿಯೊ ಮತ್ತು ಹರ್ಲಿ, ಸುಮಾರು ಐದು ಲಕ್ಷ ಜನರ ಕಂಪ್ಯೂಟರುಗಳಿಂದ ಲೆಕ್ಕ ತೆಗೆದರು. ಸರಾಸರಿ ಬಳಕೆದಾರನಿಗೆ ಪಾಸ್‌ವರ್ಡ್ ಬೇಡುವ ಖಾತೆಗಳು ಸುಮಾರು 25. ಅವನ ಬಳಿ ಇದ್ದ ಬೇರೆ ಬೇರೆ ಪಾಸ್‌ವರ್ಡುಗಳು ಆರೂವರೆ. ಅಂದರೆ ಒಂದೊಂದೂ ಹೆಚ್ಚುಕಡಿಮೆ ನಾಲ್ಕು ಕಡೆ ದುಡಿಯುತ್ತಿತ್ತು. ಈ ಲೆಕ್ಕ ಸ್ಮಾರ್ಟ್‌ಫೋನು ಮನೆಮನೆಗೆ ಬರುವುದಕ್ಕೂ ಮೊದಲಿನದು. ಒಂದಕ್ಕೊಂದು ಸಂಬಂಧವಿಲ್ಲದ ನೂರು ಅರ್ಥಹೀನ ಅಕ್ಷರಮಾಲೆಗಳನ್ನು ನೆನಪಿಡು ಎಂದು ಮನುಷ್ಯನಿಗೆ ಹೇಳುವುದು ಆಗದ ಕೆಲಸವನ್ನು ಹೊರಿಸಿದಂತೆ. ಇನ್ನೊಂದು ಕಡೆ ಕಂಪನಿಗಳು ಸೋರುವುದಂತೂ ನಿಂತಿಲ್ಲ. 2009ರಲ್ಲಿ ಅಮೆರಿಕದ ರಾಕ್‌ಯೂ ಎಂಬ ಕಂಪನಿಯಿಂದ ಮೂರು ಕೋಟಿ ಇಪ್ಪತ್ತು ಲಕ್ಷ ಪಾಸ್‌ವರ್ಡುಗಳು ಬರೆದಿಟ್ಟದ್ದು ಬರೆದಿಟ್ಟ ಹಾಗೇ ಹೊರಬಂದವು. 2012ರಲ್ಲಿ ಲಿಂಕ್ಡ್‌ಇನ್, 2013ರಲ್ಲಿ ಅಡೋಬಿ, 2020ರಲ್ಲಿ ನಮ್ಮ ಬೆಂಗಳೂರಿನದೇ ಆದ ಬಿಗ್‌ಬ್ಯಾಸ್ಕೆಟ್. ಹೀಗೆ ಸೋರಿದ ಪಟ್ಟಿಗಳನ್ನು ಯಂತ್ರಕ್ಕೆ ಕೊಟ್ಟು, ಅದೇ ಇಮೇಲ್, ಅದೇ ಪಾಸ್‌ವರ್ಡ್ ಇನ್ನೆಲ್ಲಿ ಹತ್ತುತ್ತದೆ ಎಂದು ಸಾವಿರಾರು ತಾಣಗಳಲ್ಲಿ ತಿರುಗಿಸಿ ನೋಡುವುದೇ ಇಂದಿನ ಕಳ್ಳರ ದಿನಗೂಲಿ. ಹಾಗಾಗಿ ಪ್ರತಿ ಖಾತೆಗೂ ಬೇರೆಯದೇ ಪಾಸ್‌ವರ್ಡ್ ಬೇಕು, ಅಷ್ಟನ್ನು ತಲೆ ಹೊರಲಾರದು, ಬೇರೇನಾದರೂ ಹೊರಬೇಕು. ಇಲ್ಲಿಯವರೆಗೆ ಯಾರದೂ ತಕರಾರಿರಲಾರದು. ತಕರಾರು ಶುರುವಾಗುವುದು ಆ ಬೇರೇನು ಯಾವುದು ಎಂಬಲ್ಲಿ.

ಹಲವರ ಮೊದಲ ಉತ್ತರ, ಒಂದು ನೋಟ್‌ಬುಕ್. ಈ ಉತ್ತರವನ್ನು ನಕ್ಕು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಗೂಢಲಿಪಿ ತಜ್ಞ ಬ್ರೂಸ್ ಶ್ನೈಯರ್ 1997ರಲ್ಲೇ ಪಾಸ್‌ವರ್ಡುಗಳನ್ನು ಕಾಪಿಡುವ ಪಾಸ್‌ವರ್ಡ್ ಸೇಫ್ ಎಂಬ ತಂತ್ರಾಂಶ ಬರೆದು ಹಂಚಿದವರು. ಅವರೇ 2005ರಲ್ಲಿ, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ ಎಂದು ಸಲಹೆ ಕೊಟ್ಟರು. ಅದರ ಹಿಂದಿನ ತರ್ಕ ಸರಳ. ಜಗತ್ತಿನ ಇನ್ನೊಂದು ಮೂಲೆಯಲ್ಲಿ ಕುಳಿತ ಕಳ್ಳನಿಗೆ ನಿಮ್ಮ ಬೀರುವಿನಲ್ಲಿರುವ ನೋಟ್‌ಬುಕ್ ಸಿಗುವುದಿಲ್ಲ. ಬೀರುವಿಗೆ ಕೈಹಾಕುವ ಕಳ್ಳನಿಗೆ ಒಡವೆ ಬೇಕೇ ಹೊರತು ನೋಟ್‌ಬುಕ್ ಬೇಡ. ಎಪ್ಪತ್ತು ದಾಟಿದ, ನಾಲ್ಕೈದು ಖಾತೆಗಳಷ್ಟೇ ಇರುವ ಹಿರಿಯರಿಗೆ ಯಾವ ತಂತ್ರಾಂಶಕ್ಕಿಂತಲೂ ಈ ನೋಟ್‌ಬುಕ್ಕೇ ವಾಸಿ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಖಾತೆಗಳು ನಲವತ್ತಾದಾಗ ಅದು ಸೋಲುತ್ತದೆ. ಗೊತ್ತುಗುರಿಯಿಲ್ಲದ ಇಪ್ಪತ್ತು ಅಕ್ಷರಗಳನ್ನು ಪುಟ ನೋಡಿಕೊಂಡು ದಿನಕ್ಕೆ ಹತ್ತು ಸಲ ಒತ್ತುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆಗ ಪಾಸ್‌ವರ್ಡುಗಳು ತಾವಾಗಿಯೇ ಚಿಕ್ಕವಾಗುತ್ತವೆ, ಒಂದರಂತೆ ಇನ್ನೊಂದಾಗುತ್ತವೆ, ಕೊನೆಗೆ ಮಗನ ಹೆಸರಿನ ಮುಂದೆ ಹುಟ್ಟಿದ ಇಸವಿ ಬಂದು ಕೂರುತ್ತದೆ. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯೂನಿಕ್ಸ್ ಬಳಕೆದಾರರ 3,289 ಪಾಸ್‌ವರ್ಡುಗಳನ್ನು ಪರೀಕ್ಷಿಸಿದಾಗ, ತೀರ ಚಿಕ್ಕದು, ನಿಘಂಟಿನ ಪದ ಎಂಬಂಥ ಸುಲಭದ ಬಗೆಗಳಿಗೆ ಸೇರಿದವೇ ಶೇಕಡಾ 86ರಷ್ಟು ಇದ್ದವು. ಸ್ವತಃ ಕಂಪ್ಯೂಟರ್ ಬಲ್ಲವರ ಪಾಸ್‌ವರ್ಡುಗಳು ಅವು. ಮನುಷ್ಯನ ಮನಸ್ಸಿಗೆ ಯಾದೃಚ್ಛಿಕತೆ ಒಗ್ಗುವುದಿಲ್ಲ. ಅದನ್ನು ಯಂತ್ರಕ್ಕೆ ಬಿಡುವುದೇ ಸರಿ.

ನೋಟ್‌ಬುಕ್ ಮಾಡಲಾಗದ ಇನ್ನೊಂದು ಕೆಲಸವಿದೆ. ಪಾಸ್‌ವರ್ಡುಗಳನ್ನು ತಾನೇ ಹುಟ್ಟಿಸಿ, ಗೂಢಲಿಪಿಯ ಪೆಟ್ಟಿಗೆಯಲ್ಲಿಟ್ಟು, ಬೇಕಾದಾಗ ತುಂಬಿಕೊಡುವ ತಂತ್ರಾಂಶ, ಅಂದರೆ ಪಾಸ್‌ವರ್ಡ್ ಮ್ಯಾನೇಜರ್, ಬೇಕೆನ್ನಲು ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡ ಕಾರಣ. ‘ನಿಮ್ಮ ಕೆವೈಸಿ ಅವಧಿ ಮುಗಿದಿದೆ, ಇಂದು ರಾತ್ರಿಯೊಳಗೆ ಸರಿಪಡಿಸದಿದ್ದರೆ ಖಾತೆ ಸ್ಥಗಿತ’ ಎಂಬ ಸಂದೇಶ ಬರುತ್ತದೆ. ಕೆಳಗಿನ ಕೊಂಡಿ ಒತ್ತಿದರೆ ಬ್ಯಾಂಕಿನ ಪುಟವೇ ತೆರೆಯುತ್ತದೆ: ಅದೇ ಲಾಂಛನ, ಅದೇ ಬಣ್ಣ, ಅದೇ ಅಕ್ಷರ. ವಿಳಾಸದಲ್ಲಿ ಮಾತ್ರ ಎಲ್ಲೋ ಒಂದಕ್ಷರ ಆಚೀಚೆ. ನಮ್ಮ ಕಣ್ಣು ನೋಡುವುದು ಚಿತ್ರವನ್ನು. ಬ್ರೌಸರಿನಲ್ಲಿ ಕೂತ ಪಾಸ್‌ವರ್ಡ್ ಮ್ಯಾನೇಜರ್ ನೋಡುವುದು ವಿಳಾಸವನ್ನು. ಅದರ ಲೆಕ್ಕದಲ್ಲಿ ಒಂದಕ್ಷರ ಬೇರೆಯಾದರೆ ಊರೇ ಬೇರೆ, ಹಾಗಾಗಿ ಪಾಸ್‌ವರ್ಡ್ ತುಂಬಲು ಒಪ್ಪುವುದಿಲ್ಲ. ದಿನವೂ ತಾನಾಗಿ ತುಂಬುತ್ತಿದ್ದ ಜಾಗ ಇಂದು ಖಾಲಿ ಉಳಿದರೆ, ಆ ಖಾಲಿ ಜಾಗವೇ ಎಚ್ಚರಿಕೆ. ‘ಇದೇಕೋ ಇವತ್ತು ಕೆಲಸ ಮಾಡುತ್ತಿಲ್ಲ’ ಎಂದು ಗೊಣಗಿಕೊಂಡು ಪಾಸ್‌ವರ್ಡನ್ನು ನಕಲಿಸಿ ಕೈಯಾರೆ ಅಂಟಿಸಿದರೆ ಮಾತ್ರ ಕಾವಲುಗಾರನನ್ನು ನಾವೇ ಪಕ್ಕಕ್ಕೆ ತಳ್ಳಿ ಬಾಗಿಲು ತೆರೆದಂತಾಗುತ್ತದೆ.

ಇನ್ನು ಆಯ್ಕೆಯ ಮಾತು. ಬಾನುಲಿಯಲ್ಲಿ ಕಂಪನಿಗಳ ಹೆಸರು ಹೇಳಿದರೆ ಜಾಹೀರಾತಿನ ವಾಸನೆ ಬರಬಹುದು. ಆದರೆ ಹೆಸರಿಲ್ಲದೆ ಈ ವಿಷಯ ಮಾತಾಡುವುದು ಔಷಧಿಯ ಹೆಸರು ಹೇಳದ ವೈದ್ಯರ ಚೀಟಿಯಾಗುತ್ತದೆ. ಸಾಮಾನ್ಯವಾಗಿ ಜನ ಕೇಳುವ ಪ್ರಶ್ನೆಗಳು ಎರಡು: ಯಾವುದರಲ್ಲಿ ಸೌಲಭ್ಯ ಹೆಚ್ಚು, ಮತ್ತು ಯಾವುದು ಇದುವರೆಗೆ ಒಡೆದಿಲ್ಲ. ಎರಡೂ ತಪ್ಪು ಪ್ರಶ್ನೆಗಳು ಎಂಬುದು ನನ್ನ ವಾದ. ಕೇಳಬೇಕಾದದ್ದು ಇದು: ಈ ಕಂಪನಿಯ ಉಗ್ರಾಣ ನಾಳೆ ಬೆಳಗ್ಗೆ ಪೂರ್ತಿ ಕಳುವಾದರೆ, ಕಳ್ಳನ ಕೈಗೆ ಏನು ಸಿಗುತ್ತದೆ? ಇದು ಕುಚೋದ್ಯದ ಪ್ರಶ್ನೆಯಲ್ಲ, ನಿಜವಾಗಿ ನಡೆದದ್ದು. 2022ರಲ್ಲಿ, ಆ ಹೊತ್ತಿಗೆ ಬಹು ಜನಪ್ರಿಯವಾಗಿದ್ದ ಲಾಸ್ಟ್‌ಪಾಸ್ ಕಂಪನಿಗೆ ಕಳ್ಳರು ನುಗ್ಗಿದರು. ಆಗಸ್ಟ್‌ನಲ್ಲಿ ಬಂದ ಮೊದಲ ಸುದ್ದಿ ಸಣ್ಣದಾಗಿತ್ತು. ಡಿಸೆಂಬರ್ ಕೊನೆಗೆ ಕಂಪನಿ ಒಪ್ಪಿಕೊಂಡ ಸತ್ಯ ದೊಡ್ಡದು: ಗ್ರಾಹಕರ ಪಾಸ್‌ವರ್ಡ್ ಪೆಟ್ಟಿಗೆಗಳ ಪ್ರತಿಗಳೇ ಹೊರಹೋಗಿದ್ದವು. ಹೋದ ದಾರಿಯೂ ಗಮನಿಸತಕ್ಕದ್ದು. ಕಂಪನಿಯ ಹಿರಿಯ ಎಂಜಿನಿಯರ್ ಒಬ್ಬರ ಮನೆಯ ಕಂಪ್ಯೂಟರಿನಲ್ಲಿ ಸಿನಿಮಾ ಸಂಗೀತಕ್ಕೆಂದು ಹಾಕಿಕೊಂಡ ತಂತ್ರಾಂಶವೊಂದಿತ್ತು. ಅದರ ದೋಷಕ್ಕೆ ಎರಡು ವರ್ಷ ಹಿಂದೆಯೇ ತಿದ್ದುಪಡಿ ಬಂದಿದ್ದರೂ ಹಾಕಿಕೊಂಡಿರಲಿಲ್ಲ. ಆ ಕಿಂಡಿಯಿಂದ ಒಳಬಂದವರು ಕೀಲಿಮಣೆಯ ಮೇಲೆ ಒತ್ತಿದ್ದನ್ನೆಲ್ಲ ದಾಖಲಿಸುವ ಕಳ್ಳ ತಂತ್ರಾಂಶ ಬಿಟ್ಟು, ಆ ಎಂಜಿನಿಯರ್ ತಮ್ಮ ಪೆಟ್ಟಿಗೆ ತೆರೆಯಲು ಬಳಸುವ ಮಾಸ್ಟರ್ ಪಾಸ್‌ವರ್ಡನ್ನೇ ಹಿಡಿದರು. ಮನೆಯ ಕಂಪ್ಯೂಟರಿಗೆ ಬರುವ ಅಪ್‌ಡೇಟುಗಳನ್ನು ‘ಆಮೇಲೆ’ ಎಂದು ಮುಂದೂಡುವ ಎಲ್ಲರೂ ಆ ತಿದ್ದುಪಡಿಯ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಲಿ.

ಹಾಗಾದರೆ ಆ ಪೆಟ್ಟಿಗೆಗಳು ಕಳ್ಳರಿಗೆ ತೆರೆದವೇ? ಉತ್ತರ ಎಲ್ಲರಿಗೂ ಒಂದೇ ಆಗಿರಲಿಲ್ಲ. ಪಾಸ್‌ವರ್ಡುಗಳು ಗೂಢಲಿಪಿಯಲ್ಲಿದ್ದವು, ಅದರ ಕೀಲಿ ಕಂಪನಿಯ ಬಳಿ ಇರಲಿಲ್ಲ. ಅದು ಪ್ರತಿ ಗ್ರಾಹಕನ ಮಾಸ್ಟರ್ ಪಾಸ್‌ವರ್ಡಿನಿಂದ ಹುಟ್ಟುವಂಥದ್ದು. ಆದರೆ ಪೆಟ್ಟಿಗೆ ಕಳ್ಳನ ಮನೆ ಸೇರಿದ ಮೇಲೆ ‘ಮೂರು ಸಲ ತಪ್ಪಿದರೆ ಬಂದ್’ ಎನ್ನುವ ಕಾವಲುಗಾರ ಅಲ್ಲಿಲ್ಲ. ಅವನು ಎಷ್ಟು ಕೋಟಿ ಸಲ ಬೇಕಾದರೂ ಊಹಿಸಬಹುದು. ಅವನನ್ನು ತಡೆಯುವುದು ಎರಡೇ. ಒಂದು, ಮಾಸ್ಟರ್ ಪಾಸ್‌ವರ್ಡಿನ ಗಟ್ಟಿತನ. ಎರಡು, ಪ್ರತಿ ಊಹೆಗೂ ತಗಲುವ ಲೆಕ್ಕದ ಹೊರೆ, ಅಂದರೆ ಪಾಸ್‌ವರ್ಡಿನಿಂದ ಕೀಲಿ ತಯಾರಿಸುವಾಗ ಅದೇ ಲೆಕ್ಕವನ್ನು ಎಷ್ಟು ಸಾವಿರ ಸಲ ಮಾಡಬೇಕು ಎಂಬುದು. ಲಾಸ್ಟ್‌ಪಾಸ್ ಹೊಸ ಗ್ರಾಹಕರಿಗೆ ಇದನ್ನು 1,00,100ಕ್ಕೆ ಏರಿಸಿತ್ತು. ಹಳೆಯ ಎಷ್ಟೋ ಖಾತೆಗಳು 5,000ದಲ್ಲೇ, ಕೆಲವು ಅದಕ್ಕೂ ಕೆಳಗೇ ಉಳಿದಿದ್ದವು. ಮಾಸ್ಟರ್ ಪಾಸ್‌ವರ್ಡಿಗೆ ಕನಿಷ್ಠ ಹನ್ನೆರಡು ಅಕ್ಷರ ಬೇಕೆಂಬ ನಿಯಮವೂ ಹಳಬರ ಮೇಲೆ ಬಿದ್ದಿರಲಿಲ್ಲ. ನಿಷ್ಠೆಯಿಂದ ವರ್ಷಗಟ್ಟಲೆ ಬಳಸಿದವರೇ ಹೆಚ್ಚು ಅಪಾಯಕ್ಕೆ ಸಿಕ್ಕರು ಎಂಬುದು ಇದರ ವಿಪರ್ಯಾಸ. ಸಾಲದೆಂಬಂತೆ, ಯಾವ ಯಾವ ತಾಣಗಳಲ್ಲಿ ಗ್ರಾಹಕನಿಗೆ ಖಾತೆಯಿದೆ ಎಂಬ ವಿಳಾಸಗಳು ಗೂಢಲಿಪಿಯಿಲ್ಲದೆ ಬಯಲಾಗಿಯೇ ಇದ್ದವು. ಯಾವ ಪೆಟ್ಟಿಗೆಯ ಮೇಲೆ ಶ್ರಮ ಹಾಕಿದರೆ ಲಾಭ ಎಂಬುದು ಕಳ್ಳನಿಗೆ ಹೊರಗಿನಿಂದಲೇ ಓದಸಿಕ್ಕಿತು.

ಈ ಒಂದು ಘಟನೆಯಿಂದಲೇ ಆಯ್ಕೆಯ ಅಳತೆಗೋಲು ಸಿಗುತ್ತದೆ. ‘ಇದುವರೆಗೆ ಒಡೆದಿಲ್ಲ’ ಎಂಬ ಹೆಗ್ಗಳಿಕೆ ಆ ಕಂಪನಿಯ ಅದೃಷ್ಟವನ್ನೂ ಹೇಳುತ್ತಿರಬಹುದು. ಕೀಪಾಸ್ ಎಂಬುದು 2003ರಿಂದ ಇರುವ, ಉಚಿತವಾದ, ಮೂಲ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶ, ತಜ್ಞರ ಅಚ್ಚುಮೆಚ್ಚು. ಅದರಲ್ಲೂ 2023ರಲ್ಲಿ ಒಂದು ದೋಷ ಕಂಡುಬಂತು: ಕಂಪ್ಯೂಟರಿನ ಮೆಮೊರಿಯನ್ನು ನಕಲು ಮಾಡಿಕೊಳ್ಳಬಲ್ಲವನು ಮಾಸ್ಟರ್ ಪಾಸ್‌ವರ್ಡಿನ ಮೊದಲ ಅಕ್ಷರವೊಂದನ್ನು ಬಿಟ್ಟು ಉಳಿದದ್ದನ್ನು ಓದಬಹುದಿತ್ತು. ಅದು ಬಹಿರಂಗವಾಗಿ ಚರ್ಚೆಯಾಯಿತು, 2.54ನೇ ಆವೃತ್ತಿಯಲ್ಲಿ ಸರಿಹೋಯಿತು. ದೋಷವಿಲ್ಲದ ತಂತ್ರಾಂಶವನ್ನು ಹುಡುಕುತ್ತಾ ಕೂತರೆ ಹುಡುಕಾಟವೇ ಉಳಿಯುತ್ತದೆ. ದೋಷ ಬಂದಾಗ ಹೇಳಿಕೊಳ್ಳುವವರು ಯಾರು, ಮುಚ್ಚಿಡುವವರು ಯಾರು, ಕಳುವಾದರೂ ಪೆಟ್ಟಿಗೆ ಮುಚ್ಚಿಯೇ ಉಳಿಯುವಂತೆ ಕಟ್ಟಿದವರು ಯಾರು, ನೋಡಬೇಕಾದದ್ದು ಇದನ್ನೇ.

ಈ ಕಣ್ಣಿನಿಂದ ಮನೆಯ ಬಳಕೆಗೆ ಸಿಗುವವುಗಳನ್ನು ನೋಡೋಣ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ನಂಥ ಬ್ರೌಸರುಗಳೇ ‘ಪಾಸ್‌ವರ್ಡ್ ಉಳಿಸಲೇ?’ ಎಂದು ಕೇಳುತ್ತವೆ. ಒಂದೇ ಪಾಸ್‌ವರ್ಡನ್ನು ಎಲ್ಲೆಡೆ ಬಳಸುವುದಕ್ಕಿಂತ ಇದು ಎಷ್ಟೋ ಮೇಲು. ನಕಲಿ ವಿಳಾಸವನ್ನು ಇವೂ ಗುರುತಿಸುತ್ತವೆ. ಕೊರತೆಯಿರುವುದು ಮನೆಯ ಕಂಪ್ಯೂಟರಿನಲ್ಲೇ. ವಿಂಡೋಸ್‌ಗೆ ಒಮ್ಮೆ ಲಾಗಿನ್ ಆದ ಮೇಲೆ, ಆ ಲಾಗಿನ್ ಹೆಸರಿನಲ್ಲಿ ಓಡುವ ಕಳ್ಳ ತಂತ್ರಾಂಶ ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನು ಬಾಚಿಕೊಳ್ಳುವುದು ಬಹುಕಾಲ ತೀರ ಸುಲಭವಾಗಿತ್ತು. 2024ರಲ್ಲಿ ಗೂಗಲ್ ಒಂದು ಹೊಸ ಪದರ ಸೇರಿಸಿತು. ಕಳ್ಳರು ಅದನ್ನು ಸುತ್ತಿ ಬರುವ ದಾರಿಗಳನ್ನೂ ಬೇಗನೆ ಹುಡುಕಿದರು. ಪುಕ್ಕಟೆ ಸಿನಿಮಾ, ಕದ್ದ ಆಟ, ‘ಕ್ರ್ಯಾಕ್’ ಮಾಡಿದ ತಂತ್ರಾಂಶಗಳ ಜೊತೆ ಬರುವ ಪೀಡೆ ಮೊದಲು ತಡಕಾಡುವುದೇ ಈ ಜಾಗವನ್ನು. ಮಕ್ಕಳು ಆಟ ಇಳಿಸಿಕೊಳ್ಳುವ, ಅಪ್ಪ ಬ್ಯಾಂಕ್ ನೋಡುವ ಒಂದೇ ಕಂಪ್ಯೂಟರ್, ಒಂದೇ ಲಾಗಿನ್ ಇರುವ ಮನೆಗಳೇ ನಮ್ಮಲ್ಲಿ ಹೆಚ್ಚಾಗಿರುವುದರಿಂದ ಇದನ್ನು ಒತ್ತಿ ಹೇಳಬೇಕಾಯಿತು. ಬ್ರೌಸರೇ ಸಾಕೆನ್ನುವವರು ಉಳಿಸಿದ ಪಾಸ್‌ವರ್ಡುಗಳಿಗೆ ಬೀಗ ಹಾಕುವ ಫೈರ್‌ಫಾಕ್ಸ್‌ನ ಪ್ರೈಮರಿ ಪಾಸ್‌ವರ್ಡ್ ಸೌಲಭ್ಯವನ್ನಾದರೂ ಹಾಕಿಕೊಳ್ಳಲಿ; ತಾನಾಗಿ ಅದು ಚಾಲೂ ಆಗಿರುವುದಿಲ್ಲ.

ಎರಡನೆಯ ಬಗೆ ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್ ಮುಂತಾದವು: ಗೂಢಲಿಪಿಯ ಪೆಟ್ಟಿಗೆ ಕಂಪನಿಯ ಸರ್ವರಿನಲ್ಲಿ, ಕೀಲಿ ನಿಮ್ಮಲ್ಲಿ. ಒನ್‌ಪಾಸ್‌ವರ್ಡ್‌ನಲ್ಲಿ ಮಾಸ್ಟರ್ ಪಾಸ್‌ವರ್ಡಿನ ಜೊತೆಗೆ, ನಿಮ್ಮ ಯಂತ್ರದಲ್ಲೇ ಹುಟ್ಟಿ ಕಂಪನಿಗೆ ಎಂದೂ ಹೋಗದ ಇನ್ನೊಂದು ಉದ್ದನೆಯ ಗುಟ್ಟಿನ ಕೀಲಿ ಇರುತ್ತದೆ. ನಾನು ಕೇಳಿದ ಪ್ರಶ್ನೆಗೆ ಅದರ ಉತ್ತರ ಚೊಕ್ಕ: ಉಗ್ರಾಣವೇ ಕಳುವಾದರೂ, ನಿಮ್ಮ ಮಾಸ್ಟರ್ ಪಾಸ್‌ವರ್ಡ್ ದುರ್ಬಲವಾಗಿದ್ದರೂ, ಊಹೆ ನಡೆಯುವುದಿಲ್ಲ. ಆದರೆ ಅದು ವರ್ಷವರ್ಷವೂ ದುಡ್ಡು ಕೇಳುತ್ತದೆ. 2016ರಲ್ಲಿ ಬಂದ ಬಿಟ್‌ವಾರ್ಡನ್ ವ್ಯಕ್ತಿಯೊಬ್ಬನ ಬಳಕೆಗೆ ಉಚಿತ, ಮೂಲ ಕೋಡ್ ತೆರೆದಿದೆ, ವಿಳಾಸಗಳೂ ಗೂಢಲಿಪಿಯಲ್ಲೇ ಇರುತ್ತವೆ. ಅದರ ಕಾವಲು ಮಾತ್ರ ಮಾಸ್ಟರ್ ಪಾಸ್‌ವರ್ಡಿನ ಗಟ್ಟಿತನವನ್ನೇ ನಂಬಿದೆ. ಮೂರನೆಯದು ಕೀಪಾಸ್ ಮತ್ತು ಅದರ ಬಳಗದ ಕೀಪಾಸ್‌ಎಕ್ಸ್‌ಸಿ: ಪೆಟ್ಟಿಗೆ ನಿಮ್ಮ ಡಿಸ್ಕಿನಲ್ಲಿರುವ ಒಂದು ಕಡತ, ಅಷ್ಟೆ. ಕಂಪನಿಯೇ ಇಲ್ಲದ್ದರಿಂದ ಕಂಪನಿಯ ಉಗ್ರಾಣ ಕಳುವಾಗುವ ಮಾತಿಲ್ಲ. ಆದರೆ ಡಿಸ್ಕು ಸುಟ್ಟ ದಿನ, ಬೇರೆಡೆ ಪ್ರತಿ ಇಡದವರ ಪಾಸ್‌ವರ್ಡುಗಳೆಲ್ಲ ಅದರೊಡನೆಯೇ ಹೋಗುತ್ತವೆ. ಒಂದೇ ಕಂಪ್ಯೂಟರ್, ಶಿಸ್ತಾಗಿ ಪೆನ್‌ಡ್ರೈವಿಗೆ ಪ್ರತಿ ತೆಗೆಯುವ ಅಭ್ಯಾಸ ಎರಡೂ ಇದ್ದವರಿಗೆ ಕೀಪಾಸ್‌ಎಕ್ಸ್‌ಸಿ. ಫೋನು, ಲ್ಯಾಪ್‌ಟಾಪು, ಹೆಂಡತಿಯ ಫೋನು ಎಂದು ಹರಡಿಕೊಂಡ ಸಂಸಾರಕ್ಕೆ ಬಿಟ್‌ವಾರ್ಡನ್. ಕೇಳಿದರೆ ನಾನು ಹೇಳುವುದು ಇಷ್ಟು.

‘ಎಲ್ಲ ಬೀಗದ ಕೈಗಳನ್ನೂ ಒಂದೇ ಗೊಂಚಲಿಗೆ ಕಟ್ಟಿದರೆ, ಗೊಂಚಲು ಕಳೆದ ದಿನ ಮನೆಯೇ ಬಯಲಾಗುವುದಿಲ್ಲವೇ?’ ಇದು ಬಲವಾದ ಆಕ್ಷೇಪ, ನ್ಯಾಯವಾದದ್ದೂ ಹೌದು. ಆದರೆ ಇದನ್ನು ಎತ್ತುವವರು ತಮ್ಮ ಬಳಿ ಆಗಲೇ ಒಂದು ಗೊಂಚಲಿದೆ ಎಂಬುದನ್ನು ಮರೆಯುತ್ತಾರೆ. ಅದು ಇಮೇಲ್. ‘ಪಾಸ್‌ವರ್ಡ್ ಮರೆತಿರಾ?’ ಎಂದು ಒತ್ತಿದಾಗ ಹೆಚ್ಚಿನ ತಾಣಗಳು ಹೊಸ ಪಾಸ್‌ವರ್ಡಿನ ಕೊಂಡಿಯನ್ನು ಕಳಿಸುವುದು ಅಲ್ಲಿಗೇ. ಹತ್ತು ವರ್ಷದಿಂದ ಬದಲಾಗದ, ಇನ್ನೆರಡು ಕಡೆಯೂ ಬಳಕೆಯಲ್ಲಿರುವ ಇಮೇಲ್ ಪಾಸ್‌ವರ್ಡ್ ಇದ್ದವರ ಗೊಂಚಲು ಬೀದಿಯಲ್ಲೇ ನೇತಾಡುತ್ತಿದೆ. ‘ಬ್ಯಾಂಕಿಗೆ ಓಟಿಪಿ ಇದೆಯಲ್ಲ’ ಎನ್ನುವವರಿಗೂ ಇದೇ ಉತ್ತರ: ಓಟಿಪಿ ಬ್ಯಾಂಕನ್ನು ಕಾಯಬಹುದು, ನಿಮ್ಮ ಪತ್ರ, ಫೋಟೋ, ಆಧಾರ್ ಪ್ರತಿಗಳಿರುವ ಇಮೇಲನ್ನು ತಾನಾಗಿ ಕಾಯುವುದಿಲ್ಲ. ಇನ್ನೂ ಸೂಕ್ಷ್ಮವಾದ ಆಕ್ಷೇಪವನ್ನು ಮೊದಲು ಹೇಳಿದ ಫ್ಲೊರೆನ್ಸಿಯೊ ಮತ್ತು ಹರ್ಲಿಯೇ, ವ್ಯಾನ್ ಊರ್‌ಸ್ಕಾಟ್ ಎಂಬ ಇನ್ನೊಬ್ಬ ಸಂಶೋಧಕರ ಜೊತೆಗೂಡಿ, 2014ರಲ್ಲಿ ಮುಂದಿಟ್ಟರು. ಮನುಷ್ಯನ ಶ್ರಮಕ್ಕೆ ಮಿತಿಯಿದೆ. ಬೆಲೆಯಿಲ್ಲದ ಖಾತೆಗಳಿಗೆ ಒಂದೇ ಸಾದಾ ಪಾಸ್‌ವರ್ಡ್ ಬಳಸುವುದು ಮೂರ್ಖತನವೇನಲ್ಲ, ಲೆಕ್ಕಾಚಾರವೇ ಸರಿ ಎಂದರು ಅವರು. ನೆನಪನ್ನೇ ನಂಬಿದವರ ಮಟ್ಟಿಗೆ ಈ ಮಾತು ನಿಜ. ಪಾಸ್‌ವರ್ಡ್ ಮ್ಯಾನೇಜರ್ ಬಂದ ಮೇಲೆ ಹೊಸ ಪಾಸ್‌ವರ್ಡ್ ಹುಟ್ಟಿಸಲು ಬೇಕಾದ ಶ್ರಮ ಒಂದು ಕ್ಲಿಕ್ಕಿಗೆ ಇಳಿಯುತ್ತದೆ, ಲೆಕ್ಕವೂ ಬದಲಾಗುತ್ತದೆ. ಆದರೂ ಆ ಆಕ್ಷೇಪದ ಒಂದಂಶವನ್ನು ಒಪ್ಪಿಕೊಳ್ಳಲೇಬೇಕು. ಎಲ್ಲವನ್ನೂ ಪೆಟ್ಟಿಗೆಗೆ ತುಂಬಬೇಕಾಗಿಲ್ಲ. ಎಟಿಎಂ ಪಿನ್, ಯುಪಿಐ ಪಿನ್ ನಾಲ್ಕಾರು ಅಂಕಿಗಳು. ಅವು ತಲೆಯಲ್ಲೇ ಇರಲಿ. ಇಮೇಲ್‌ಗೆ ಎರಡನೇ ಹಂತದ ಪರಿಶೀಲನೆ ಹಾಕಿ, ಅದರ ಸಂಕೇತ ಬೇರೆ ಯಂತ್ರಕ್ಕೆ ಬರುವಂತೆ ಮಾಡಿದರೆ ಗೊಂಚಲು ಕಳೆದರೂ ಮುಂಬಾಗಿಲು ಉಳಿಯುತ್ತದೆ.

ಇಷ್ಟೆಲ್ಲದರ ಭಾರ ಕೊನೆಗೆ ಬಂದು ನಿಲ್ಲುವುದು ಮಾಸ್ಟರ್ ಪಾಸ್‌ವರ್ಡಿನ ಮೇಲೆ. ಇಲ್ಲಿ ಬುದ್ಧಿವಂತಿಕೆ ತೋರಿಸಬೇಡಿ. ಗಾದೆ, ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ ಇವು ನಿಮಗೊಬ್ಬರಿಗೇ ಹೊಳೆದವು ಎಂದುಕೊಳ್ಳುವುದು ಭ್ರಮೆ. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಸೂಚಿಸಿದ ಡೈಸ್‌ವೇರ್ ವಿಧಾನ ಇಂದಿಗೂ ಇದಕ್ಕೆ ತಕ್ಕ ಮದ್ದು. ದಾಳವನ್ನು ಐದು ಸಲ ಉರುಳಿಸಿದರೆ 7,776 ಫಲಗಳು ಸಾಧ್ಯ. ಅಷ್ಟೇ ಪದಗಳ ಪಟ್ಟಿಯಿಂದ ಒಂದು ಪದ ಸಿಗುತ್ತದೆ. ಇದನ್ನು ಕನ್ನಡದಲ್ಲೂ ಮಾಡಬಹುದು. ಏಳುನೂರು ಪುಟವಾದರೂ ಇರುವ, ಪುಟಕ್ಕೆ ಮೂವತ್ತಾರಕ್ಕೆ ಕಡಿಮೆಯಿಲ್ಲದಷ್ಟು ಪದಗಳಿರುವ ನಿಘಂಟು ಸಾಕು. ದಾಳದ ಮೂರು ಉರುಳು ಮೂರಂಕಿಯ ಪುಟಸಂಖ್ಯೆ ಕೊಡುತ್ತವೆ. ನಾಲ್ಕನೆಯದು ಆ ಪುಟದಲ್ಲಿ ಎಷ್ಟನೆಯ ಆರು ಪದಗಳ ಗುಂಪು ಎಂದೂ, ಐದನೆಯದು ಆ ಗುಂಪಿನಲ್ಲಿ ಎಷ್ಟನೆಯ ಪದ ಎಂದೂ ಹೇಳುತ್ತವೆ. ಹೀಗೆ ಐದು ಪದ ಆಯ್ದುಕೊಳ್ಳಿ. ಸಿಕ್ಕ ಪದ ಚೆನ್ನಾಗಿಲ್ಲವೆಂದು ಬದಲಾಯಿಸಬೇಡಿ, ಅಲ್ಲೇ ಯಾದೃಚ್ಛಿಕತೆ ಕೆಡುತ್ತದೆ. ಕಳ್ಳ ಸೆಕೆಂಡಿಗೆ ಹತ್ತು ಲಕ್ಷ ಊಹೆ ಮಾಡುತ್ತಾನೆಂದುಕೊಂಡರೆ ನಾಲ್ಕು ಪದಗಳ ಎಲ್ಲ ಜೋಡಣೆಗಳನ್ನು ಮುಗಿಸಲು ಸುಮಾರು 116 ವರ್ಷ ಬೇಕು. ಅವನ ಯಂತ್ರಗಳು ಸಾವಿರಪಟ್ಟು ಚುರುಕಾದರೆ ಆರು ವಾರ ಸಾಕು. ಐದು ಪದವಾದರೆ ಆ ಚುರುಕು ಯಂತ್ರಗಳಿಗೂ ಒಂಬತ್ತುನೂರು ವರ್ಷ. ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವುದು ಒಳ್ಳೆಯದು. ಕನ್ನಡ ಕೀಲಿಮಣೆಯ ವಿನ್ಯಾಸ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತದೆ, ಕನ್ನಡ ಕೀಲಿಮಣೆಯೇ ಇಲ್ಲದ ಕಂಪ್ಯೂಟರಿನ ಮುಂದೆ ಕೂತ ದಿನ ಪೆಟ್ಟಿಗೆ ನಿಮಗೇ ತೆರೆಯುವುದಿಲ್ಲ. ದೀರ್ಘಕ್ಕೆ ಎರಡು ‘ಎ’ ಹಾಕುತ್ತೀರೋ ಒಂದೋ ಎಂಬುದನ್ನು ಮೊದಲ ದಿನವೇ ಗಟ್ಟಿಮಾಡಿಕೊಳ್ಳಿ.

ನಮ್ಮ ಕೆಲವು ಬ್ಯಾಂಕ್ ತಾಣಗಳು ಪಾಸ್‌ವರ್ಡನ್ನು ಅಂಟಿಸಲು ಬಿಡುವುದಿಲ್ಲ, ಪರದೆಯ ಮೇಲಿನ ಕೀಲಿಮಣೆಯಲ್ಲೇ ಒತ್ತಿ ಎನ್ನುತ್ತವೆ, ಕೆಲವು ತಿಂಗಳಿಗೊಮ್ಮೆ ಬದಲಾಯಿಸಿ ಎಂದು ಒತ್ತಾಯಿಸುತ್ತವೆ. ಸುರಕ್ಷತೆಯ ಹೆಸರಿನ ಈ ಕಟ್ಟಳೆಗಳು ಹಳೆಯ ಕಾಲದವು. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರ ಮಾರ್ಗಸೂಚಿಯಲ್ಲೇ ಕಾರಣವಿಲ್ಲದೆ ಅವಧಿಗೊಮ್ಮೆ ಬದಲಾಯಿಸುವ ನಿಯಮವನ್ನು ಕೈಬಿಡಲು, ಅಂಟಿಸುವುದಕ್ಕೆ ಅವಕಾಶ ಕೊಡಲು ಹೇಳಿತು. ಹಾಗೆಂದು ಬ್ಯಾಂಕಿನ ಜೊತೆ ಜಗಳಕ್ಕೆ ನಿಂತು ಪ್ರಯೋಜನವಿಲ್ಲ. ಅಂಥ ತಾಣಕ್ಕೆ ಯಂತ್ರದಿಂದ ಪದಗಳ ಪಾಸ್‌ವರ್ಡ್ ಹುಟ್ಟಿಸಿ, ನೋಡಿಕೊಂಡು ಒತ್ತಿದರಾಯಿತು. ಕಾನೂನಿನ ಕಡೆಯಿಂದ ಒಂದು ಎಚ್ಚರ ಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ತನ್ನ ಪಾವತಿಯ ಗುಟ್ಟನ್ನು ಬೇರೆಯವರಿಗೆ ಕೊಟ್ಟಂಥ ಗ್ರಾಹಕನ ನಿರ್ಲಕ್ಷ್ಯದಿಂದ ಹಣ ಹೋದರೆ, ಬ್ಯಾಂಕಿಗೆ ದೂರು ಮುಟ್ಟಿಸುವವರೆಗಿನ ನಷ್ಟವೆಲ್ಲ ಗ್ರಾಹಕನದೇ. ಪಿನ್‌ಗಳನ್ನು ಪೆಟ್ಟಿಗೆಯ ಹೊರಗಿಡಿ ಎಂದು ಆಗಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಕಳ್ಳನಿಗೆ ತೆರೆಯದ ಪೆಟ್ಟಿಗೆ ಮನೆಯವರಿಗೂ ತೆರೆಯದೆ ಹೋದರೆ? ಮನೆಯ ಲೆಕ್ಕವನ್ನೆಲ್ಲ ಒಬ್ಬರೇ ನೋಡಿಕೊಳ್ಳುವ ಸಂಸಾರಗಳಲ್ಲಿ ಆ ಒಬ್ಬರು ಆಸ್ಪತ್ರೆ ಸೇರಿದ ದಿನ ವಿಮೆಯ ಖಾತೆಗೂ ದಾರಿಯಿರುವುದಿಲ್ಲ. ಮಾಸ್ಟರ್ ಪಾಸ್‌ವರ್ಡ್ ಮರೆತರೆ ಬಿಟ್‌ವಾರ್ಡನ್ ಕಂಪನಿಯೂ ತೆರೆದುಕೊಡಲಾರದು. ತೆರೆದುಕೊಡುವ ಹಾಗಿದ್ದರೆ ಕಳ್ಳನೂ ತೆರೆಸಿಕೊಳ್ಳುತ್ತಿದ್ದ. ಇದನ್ನು ದೋಷ ಎನ್ನುವವರಿಗೆ ನನ್ನ ಉತ್ತರ, ನೋಟ್‌ಬುಕ್ ಇಲ್ಲಿ ಮತ್ತೆ ಒಳಗೆ ಬರಲಿ. ಮಾಸ್ಟರ್ ಪಾಸ್‌ವರ್ಡ್ ಬರೆದ ಒಂದೇ ಹಾಳೆ, ಮುಚ್ಚಿದ ಲಕೋಟೆಯಲ್ಲಿ, ಮನೆಪತ್ರಗಳ ಜೊತೆ ಅಥವಾ ಲಾಕರಿನಲ್ಲಿ ಇರಲಿ, ಅದು ಎಲ್ಲಿದೆ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿರಲಿ. ಬಿಟ್‌ವಾರ್ಡನ್‌ನ ಹಣ ಕೊಡುವ ಯೋಜನೆಯಲ್ಲಿ, ನೀವು ನೇಮಿಸಿದವರು ಕೇಳಿಕೊಂಡರೆ, ನೀವು ಗೊತ್ತುಮಾಡಿದಷ್ಟು ದಿನ ಕಾದು, ನೀವು ಬೇಡವೆನ್ನದಿದ್ದರೆ ಅವರಿಗೆ ಪೆಟ್ಟಿಗೆ ತೆರೆದುಕೊಡುವ ಏರ್ಪಾಡಿದೆ. ಊರಲ್ಲಿ ತಂದೆತಾಯಿ, ಡಲ್ಲಾಸ್‌ನಲ್ಲೋ ದುಬೈಯಲ್ಲೋ ಮಕ್ಕಳು ಎಂಬಂತಿರುವ ಮನೆಗಳಿಗೆ ಇದು, ಪಾಸ್‌ವರ್ಡನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿಕೊಳ್ಳುವುದಕ್ಕಿಂತ ನೂರು ಪಾಲು ಮೇಲು.

ಕಂಪನಿಗಳೂ ಶಾಶ್ವತವಲ್ಲ. ಡ್ರಾಪ್‌ಬಾಕ್ಸ್ ತನ್ನ ಪಾಸ್‌ವರ್ಡ್ ಸೇವೆಯನ್ನು 2025ರಲ್ಲಿ ಮುಚ್ಚಿತು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಅಥೆಂಟಿಕೇಟರ್ ಆ್ಯಪಿನಿಂದ ಪಾಸ್‌ವರ್ಡ್ ತುಂಬುವ ಸೌಲಭ್ಯವನ್ನು ತೆಗೆದುಹಾಕಿತು. ಆದ್ದರಿಂದ ಯಾವುದನ್ನೇ ಹಾಕಿಕೊಳ್ಳುವ ಮೊದಲು, ಎಲ್ಲವನ್ನೂ ಒಟ್ಟಿಗೆ ಹೊರತೆಗೆಯುವ ಎಕ್ಸ್‌ಪೋರ್ಟ್ ಸೌಲಭ್ಯ ಇದೆಯೇ ಎಂದು ನೋಡಿ. ಅದರಿಂದ ಬರುವ ಸಾದಾ ಕಡತದಲ್ಲಿ ಪಾಸ್‌ವರ್ಡುಗಳು ಯಾರೂ ಓದಬಹುದಾದಂತೆ ಇರುತ್ತವೆ. ಹೊಸ ಜಾಗಕ್ಕೆ ತುಂಬಿದ ಕೂಡಲೇ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ‘ಇನ್ನೇನು ಪಾಸ್‌ವರ್ಡುಗಳೇ ಹೋಗಿ ಪಾಸ್‌ಕೀ ಬರುತ್ತದಂತೆ, ಈಗೇಕೆ ಈ ತಲೆನೋವು’ ಎಂದು ಕಾಯುವವರೂ ಇದ್ದಾರೆ. ಆಪಲ್, ಗೂಗಲ್, ಮೈಕ್ರೋಸಾಫ್ಟ್ 2022ರಲ್ಲಿ ಒಟ್ಟಾಗಿ ಬೆಂಬಲ ಘೋಷಿಸಿದ ಪಾಸ್‌ಕೀ, ಅಂದರೆ ಒತ್ತುವ ಪಾಸ್‌ವರ್ಡಿನ ಬದಲು ಯಂತ್ರದಲ್ಲಿರುವ ಗುಟ್ಟಿನ ಕೀಲಿ, ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಅದರಲ್ಲಿ ನಕಲಿ ತಾಣಕ್ಕೆ ಕದಿಯಲು ಏನೂ ಸಿಗುವುದಿಲ್ಲ. ಆದರೆ ಆ ಪಾಸ್‌ಕೀಗಳನ್ನೂ ಎಲ್ಲೋ ಇಡಬೇಕಲ್ಲ. ಹೆಚ್ಚಾಗಿ ಇಡುವ ಜಾಗ ಈ ಪೆಟ್ಟಿಗೆಗಳೇ.

ಪಾಸ್‌ವರ್ಡುಗಳ ಬದಲಾವಣೆಯನ್ನೆಲ್ಲ ಒಂದು ಭಾನುವಾರದಲ್ಲಿ ಮುಗಿಸುತ್ತೇನೆಂದು ಹೊರಟವರು ಹತ್ತನೆಯ ಖಾತೆಯಲ್ಲಿ ಬೇಸತ್ತು ಬಿಡುತ್ತಾರೆ. ಮೊದಲ ದಿನ ಇಮೇಲ್ ಒಂದನ್ನೇ ಬದಲಾಯಿಸಿ. ಎರಡನೆಯ ದಿನ ಬ್ಯಾಂಕು, ಮೊಬೈಲ್ ಕಂಪನಿಯ ಖಾತೆ. ಉಳಿದವುಗಳ ಹಳೆಯ ಪಾಸ್‌ವರ್ಡುಗಳನ್ನು ಇದ್ದ ಹಾಗೇ ಪೆಟ್ಟಿಗೆಗೆ ಹಾಕಿಡಿ. ಆ ಆ ತಾಣಕ್ಕೆ ಮುಂದಿನ ಸಲ ಹೋದಾಗ, ಅಲ್ಲೇ ಹೊಸದನ್ನು ಹುಟ್ಟಿಸಿ. ವರ್ಷವಾದರೂ ಹೋಗದ ತಾಣವಿದ್ದರೆ ಅದರ ಪಾಸ್‌ವರ್ಡ್ ಬದಲಾಯಿಸುವ ಬದಲು ಖಾತೆಯನ್ನೇ ಮುಚ್ಚಿಬಿಡುವುದು ಇನ್ನೂ ಸುಲಭ.